ನಕ್ಷತ್ರವೋ, ಗ್ರಹವೋ, ವಿಮಾನವೋ?

ಸಂಜೆಗತ್ತಲೆಯಲ್ಲಿ ಹಲಸೂರು ಕೆರೆಯ ದಂಡೆಯಿಂದಲೋ ಇಂದಿರಾನಗರದ ಮನೆಯ ತಾರಸಿಯಿಂದಲೋ ಆಕಾಶವನ್ನು ನೋಡಿದರೆ, ಬೀದಿದೀಪಗಳ ಪ್ರಭೆಯನ್ನು ಮೀರಿ ಕಾಣುವ ಕಾಯಗಳು ಕೆಲವೇ. ಅವುಗಳಲ್ಲಿ ನಕ್ಷತ್ರ ಯಾವುದು, ಗ್ರಹ ಯಾವುದು, ವಿಮಾನ ಯಾವುದು? ಪ್ರಕಾಶವೊಂದನ್ನೇ ನಂಬಿ ನಿರ್ಧರಿಸಿದರೆ ಮೋಸಹೋಗುವುದು ಸುಲಭ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. 2012ರ ಆಗಸ್ಟಿನಿಂದ 2013ರ ಫೆಬ್ರವರಿಯವರೆಗೆ ಲಡಾಖಿನ ಗಡಿಯಲ್ಲಿ ನಮ್ಮ ಸೈನಿಕರು ಗುರುತು ತಿಳಿಯದ ಬೆಳಕುಗಳನ್ನು 329 ಸಲ ಕಂಡು ದಾಖಲಿಸಿದರೆಂದು ಪತ್ರಿಕೆಗಳು ವರದಿ ಮಾಡಿದುವು. ಅವು ನೆರೆರಾಷ್ಟ್ರದ ಡ್ರೋನ್‌ಗಳಿರಬಹುದೆಂಬ ಶಂಕೆ ಹುಟ್ಟಿತ್ತು. ನಮ್ಮ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತೋರಿಸಿಕೊಟ್ಟರು. ಆ ಡಿಸೆಂಬರಿನಲ್ಲಿ ಗುರುವು ವೃಷಭರಾಶಿಯಲ್ಲಿದ್ದು ರಾತ್ರಿಯೆಲ್ಲ ಬೆಳಗುತ್ತಿದ್ದನು. ಶುಕ್ರನು ಬೆಳ್ಳಿಯಾಗಿ ಮುಂಜಾನೆ ಮೂಡುತ್ತಿದ್ದನು.

ಹಾಗಾದರೆ ಗುರುತಿಸುವ ಕ್ರಮವೇನು? ಮೊದಲು ಚಲನೆಯನ್ನು ಪರೀಕ್ಷಿಸೋಣ. ಕಾಯವನ್ನು ನೆರೆಮನೆಯ ಗೋಡೆಯ ಅಂಚಿಗೆ ಹೊಂದಿಸಿ, ನಿಂತಲ್ಲಿಂದ ಕದಲದೆ ನೋಡಬೇಕು. ಭೂಮಿಯ ಆವರ್ತನೆಯಿಂದಾಗಿ ನಕ್ಷತ್ರಗಳೂ ಗ್ರಹಗಳೂ 4 ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಪಶ್ಚಿಮದತ್ತ ಸರಿಯುತ್ತವೆ. ಕೃತಕ ಉಪಗ್ರಹವಾದರೋ ಕೆಲವೇ ನಿಮಿಷಗಳಲ್ಲಿ ಆಕಾಶವನ್ನು ದಾಟಿಬಿಡುತ್ತದೆ. ನಗರದ ಪೂರ್ವಭಾಗದವರು ಇನ್ನೊಂದನ್ನೂ ಗಮನಿಸಬೇಕು. ಪ್ರಯಾಣಿಕ ವಿಮಾನಗಳ ಸಂಚಾರ 2008ರಲ್ಲಿ ದೇವನಹಳ್ಳಿಗೆ ಹೋದರೂ ಎಚ್.ಎ.ಎಲ್. ನಿಲ್ದಾಣದಲ್ಲಿ ಹಾರಾಟ ನಿಂತಿಲ್ಲ. ನಮ್ಮತ್ತ ನೇರವಾಗಿ ಬರುವ ವಿಮಾನದ ದೀಪವು ಸ್ವಲ್ಪ ಹೊತ್ತು ನಿಶ್ಚಲವಾಗಿ, ಶುಕ್ರನಂತೆಯೇ ಹೊಳೆಯಬಹುದು. ತಾಳ್ಮೆಯಿಂದ ಕಾದರೆ ಅದು ಬದಿಗೆ ಸರಿದು, ಕೆಂಪು ಹಸುರು ದೀಪಗಳು ಕಾಣುತ್ತವೆ.

ಎರಡನೆಯದು ಸ್ಥಾನ. ಗ್ರಹಗಳು ರಾಶಿಚಕ್ರದ ಪಟ್ಟಿಯನ್ನು ಬಿಟ್ಟು ದೂರ ಹೋಗುವುದಿಲ್ಲ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಈ ಪಟ್ಟಿಯು ನಮಗೆ ಬಹು ಎತ್ತರದಲ್ಲಿಯೇ ಹಾಯುತ್ತದೆ. ದಕ್ಷಿಣದಲ್ಲಿ ಹೆಚ್ಚೆಂದರೆ 24 ಡಿಗ್ರಿ ಎತ್ತರಕ್ಕೇರುವ ಉಜ್ವಲ ಕಾಯವು ಅಗಸ್ತ್ಯ ನಕ್ಷತ್ರವೇ ಹೊರತು ಗ್ರಹವಲ್ಲ.

ಮೂರನೆಯದು ಮಿನುಗು. ನಕ್ಷತ್ರದ ಬೆಳಕು ಒಂದು ಬಿಂದುವಿನಿಂದ ಬಂದಂತೆ ಇರುವುದರಿಂದ ಗಾಳಿಯ ಕದಲಿಕೆಗೆ ಅದು ಮಿನುಗುತ್ತದೆ. ಗ್ರಹಕ್ಕೆ ಪುಟ್ಟ ಬಿಂಬವಿರುವುದರಿಂದ ಬೆಳಕು ಸ್ಥಿರವಾಗಿ ತೋರುತ್ತದೆ. ಆದರೆ ದಿಗಂತದ ಬಳಿ ಗ್ರಹವೂ ಮಿನುಗಬಹುದು. ಆದುದರಿಂದ ಈ ಲಕ್ಷಣವೊಂದೇ ಸಾಲದು.

ಅಂತಿಮ ತೀರ್ಪು ದೂರದರ್ಶಕದ್ದು. 60 ಮಿಲಿಮೀಟರ್ ವ್ಯಾಸದ ಸಣ್ಣ ಉಪಕರಣವೇ ಸಾಕು. ವಸ್ತುಮಸೂರದ ಸಂಗಮದೂರ 900 ಮಿಲಿಮೀಟರ್, ನೇತ್ರಮಸೂರದ್ದು 20 ಮಿಲಿಮೀಟರ್ ಆಗಿದ್ದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಧನೆ 45 ಎಂದು ತಿಳಿಯುತ್ತೇವೆ. ಇಷ್ಟು ವರ್ಧನೆಯಲ್ಲಿ ಗುರುವಿನ ಬಿಂಬವು ಬರಿಗಣ್ಣಿಗೆ ಕಾಣುವ ಚಂದ್ರನಷ್ಟೇ ಅಗಲವಾಗುತ್ತದೆ; ಅದರ ಇಕ್ಕೆಲಗಳಲ್ಲಿ, 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರರು ಸಾಲುಗಟ್ಟಿ ನಿಲ್ಲುತ್ತಾರೆ. ಶುಕ್ರನು ಚಂದ್ರನಂತೆ ಕಲೆಗಳನ್ನು ತೋರುತ್ತಾನೆ. ಶನಿಯನ್ನು ಅವನ ಬಳೆಯೇ ಹೇಳಿಕೊಡುತ್ತದೆ. ಕೆಂಪು ಛಾಯೆಯ ಮಂಗಳನಿಗೆ ಪುಟ್ಟ ಬಿಂಬವುಂಟು. ಅದೇ ಛಾಯೆಯ ರೋಹಿಣಿಯು ಬಿಂದುವಾಗಿಯೇ ಉಳಿಯುತ್ತದೆ. ಒಂದು ಎಚ್ಚರಿಕೆ: ಮಸೂರ ಸರಿಹೊಂದದಿದ್ದರೆ ನಕ್ಷತ್ರವೂ ತಟ್ಟೆಯಂತೆ ಹಿಗ್ಗುತ್ತದೆ. ಚಿತ್ರವು ಅತ್ಯಂತ ಚಿಕ್ಕದಾಗುವವರೆಗೆ ನೇತ್ರಮಸೂರವನ್ನು ಹಿಂದೆ ಮುಂದೆ ಸರಿಸಿ ನೋಡಬೇಕು. ಇದಕ್ಕಿಂತ ಮುಖ್ಯವಾದ ಎಚ್ಚರಿಕೆ: ಶುಕ್ರನನ್ನು ಅರಸುತ್ತ ದೂರದರ್ಶಕವನ್ನು ಸೂರ್ಯನತ್ತ ಎಂದಿಗೂ ತಿರುಗಿಸಬಾರದು, ಕ್ಷಣಮಾತ್ರದಲ್ಲಿ ಕಣ್ಣು ಹೋದೀತು.

ವಿದ್ಯಾರ್ಥಿಗಳು ಒಂದು ಪುಸ್ತಕವಿಟ್ಟು, ಕಂಡ ಕಾಯದ ದಿಕ್ಕು, ಎತ್ತರ, ಹೊತ್ತುಗಳನ್ನು ದಿನವೂ ಬರೆದಿಡಲಿ. ಕೆಲವು ವಾರಗಳಲ್ಲಿ ನಕ್ಷತ್ರಗಳ ನಡುವೆ ಸ್ಥಳ ಬದಲಿಸಿದ ಕಾಯವು ತಾನು ಗ್ರಹವೆಂದು ತಾನಾಗಿಯೇ ಹೇಳುತ್ತದೆ. ಶಂಕೆಯನ್ನು ನೀಗುವುದು ಊಹೆಯಲ್ಲ, ಅಳತೆ.