ಸೋದರಿಕೆಯ ಮದುವೆ ಇದಕ್ಕೆ ಕಾರಣವಲ್ಲ

ಪ್ರಶ್ನೆ: ಏಳು ವರ್ಷದ ಮಗಳ ಎಡಗೈ ಎಡೆಬಿಡದೆ ಅದುರುತ್ತದೆ. ಎರಡು ಔಷಧ ಕೊಟ್ಟರೂ ನಿಂತಿಲ್ಲ. ರಾಸ್ಮುಸೆನ್ ಎನ್ಸೆಫಲೈಟಿಸ್ ಇರಬಹುದು ಎಂದಿದ್ದಾರೆ. ನಾನು ಸೋದರಮಾವನನ್ನೇ ಮದುವೆಯಾದವಳು. ನಮ್ಮ ಜೀನ್‌ನಿಂದಲೇ ಬಂತೇ?
– ಒಬ್ಬ ತಾಯಿ, ಆನೆಕೊಂಡ, ದಾವಣಗೆರೆ

ಉತ್ತರ: ಮೊದಲು ಆ ಕೊರಗು ಬಿಡಿ, ತಾಯಿ. ರಕ್ತಸಂಬಂಧದ ಮದುವೆಯಿಂದ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಆದರೆ 1958ರಲ್ಲಿ ಮಾಂಟ್ರಿಯಲ್‌ನ ಡಾ. ಥಿಯೋಡರ್ ರಾಸ್ಮುಸೆನ್ ಮತ್ತು ಸಂಗಡಿಗರು ವರದಿ ಮಾಡಿದ ಈ ಅಪರೂಪದ ಕಾಯಿಲೆ ವಂಶದಿಂದ ಇಳಿದು ಬರುವಂಥದ್ದಲ್ಲ. ಇದರಲ್ಲಿ ರಕ್ಷಣೆಗಿರುವ ಟಿ-ಕೋಶಗಳೇ ಸಾಮಾನ್ಯವಾಗಿ ಮಿದುಳಿನ ಒಂದು ಪಾರ್ಶ್ವದ ನರಕೋಶಗಳ ಮೇಲೆ ದಾಳಿ ಮಾಡುತ್ತವೆ.

ಈ ಕಾಯಿಲೆಯವರಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಿದುಳಿನ ಅಂಗಾಂಶವನ್ನು ಪರೀಕ್ಷಿಸಿದಾಗ ಉರಿಯೂತದ ಜೀನ್‌ಗಳು ಅತಿ ಚುರುಕಾಗಿರುವುದು ಕಂಡಿದೆ. ಇದನ್ನೇ ಜೀನ್ ಅಭಿವ್ಯಕ್ತಿಯ ಬದಲಾವಣೆ ಎನ್ನುತ್ತಾರೆ. ಎಲ್ಲ ಮಕ್ಕಳಲ್ಲೂ ಇರುವ ಜೀನ್‌ಗಳೇ ಇಲ್ಲಿ ಅಗತ್ಯ ಮೀರಿ ದುಡಿಯುತ್ತಿವೆ. ನೀವು ಕೊಟ್ಟ ಜೀನ್ ಕೆಟ್ಟಿದೆ ಎಂದು ಇದರರ್ಥವಲ್ಲ. ರಕ್ತದ ಜೀನ್ ಪರೀಕ್ಷೆ ಇದೇ ರೋಗವೆಂದು ಖಚಿತಪಡಿಸದು. ಇದನ್ನು ಹೋಲುವ ಬೇರೆ ಕಾಯಿಲೆಗಳನ್ನು ತಳ್ಳಿಹಾಕಲು ನೆರವಾಗಬಹುದು. ರೋಗನಿರ್ಣಯಕ್ಕೆ ಲಕ್ಷಣಗಳು, ಇಇಜಿ ಮತ್ತು ಎಂಆರ್‌ಐ ಮುಖ್ಯ.

ತಡಮಾಡದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ. ಅದುರುವಿಕೆಯ ವಿಡಿಯೊ, ಹಳೆಯ ಎಂಆರ್‌ಐ ಜೊತೆಗಿರಲಿ. ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಹಾನಿಯನ್ನು ನಿಧಾನಗೊಳಿಸಬಲ್ಲವು. ಬಾಧಿತ ಅರ್ಧಗೋಳದ ಸಂಪರ್ಕ ಕಡಿಯುವ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ಮಕ್ಕಳಲ್ಲಿ ಫಿಟ್ಸ್ ನಿಲ್ಲುತ್ತದೆ. ಆದರೆ ಒಂದು ಕೈಯ ಬಲ, ಒಂದು ಪಕ್ಕದ ದೃಷ್ಟಿ ಕುಂದುತ್ತದೆ. ಇದನ್ನು ವೈದ್ಯರೊಡನೆ ಬಿಚ್ಚಿ ಮಾತಾಡಿ. ಅಲ್ಲಿಯವರೆಗೆ ಔಷಧ ನಿಲ್ಲಿಸಬೇಡಿ. ಮೈಯೆಲ್ಲ ಸೆಳೆಯುವ ಫಿಟ್ಸ್ 5 ನಿಮಿಷ ದಾಟಿದರೆ ಹತ್ತಿರದ ಆಸ್ಪತ್ರೆಗೆ ಕೂಡಲೇ ಒಯ್ಯಿರಿ.