ಅರಿವಿನ ಕೆರೆ

ಚಿತ್ರದುರ್ಗದ ಸೀಮೆಯಲ್ಲಿ ಮಳೆ ಕಡಮೆ. ಆದುದರಿಂದಲೇ ಅಲ್ಲಿನ ಜನರು ಕೆರೆಯ ಬೆಲೆಯನ್ನು ಬಲ್ಲರು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. ಹೊಸದುರ್ಗದ ಕಡೆಯಿಂದ ಹರಿದುಬಂದ ನೀರು ಅಲ್ಲಿ ನಿಂತು ಹಿರಿಯೂರಿನ ಹೊಲಗಳಿಗೆ ಹಾಯುತ್ತದೆ. ಆ ನೀರು ಯಾರೊಬ್ಬರ ಸೊತ್ತೂ ಅಲ್ಲ. ಸಾರ್ವಜನಿಕ ಗ್ರಂಥಾಲಯವೂ ಇಂತಹುದೇ ಒಂದು ಕೆರೆ. ಅದರಲ್ಲಿ ತುಂಬಿರುವುದು ಅರಿವು.

ಈ ಕೆರೆಯನ್ನು ತುಂಬಿಸುವವರು ಯಾರು? 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ರಚಿತವಾಯಿತು. ಕಟ್ಟಡ, ನಿವೇಶನ ಮೊದಲಾದವುಗಳ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 3 ಪೈಸೆಯನ್ನು ಗ್ರಂಥಾಲಯ ಕರವಾಗಿ ಸಲ್ಲಿಸಬೇಕೆಂದು ಅದು ವಿಧಿಸಿತು. ಮುಂದೆ ಅದು 6 ಪೈಸೆಯಾಯಿತು. ಹೀಗೆ ಊರವರ ಪೈಸೆಗಳು ಕೂಡಿ ಪುಸ್ತಕಗಳಾಗುತ್ತವೆ. ಹೊಳಲ್ಕೆರೆಯ ಕೂಲಿಕಾರನ ಮಗಳು ಅಲ್ಲಿ ಓದಲು ಕುಳಿತರೆ ಅದು ಯಾರ ಕೃಪೆಯೂ ಅಲ್ಲ, ಅವಳ ಹಕ್ಕು.

ಈ ಹಕ್ಕಿಗೆ ಎರಡು ಕಡೆಯಿಂದ ಕುಂದು ಬರಬಹುದು. ಮೊದಲನೆಯದು ಲಾಭದ ಆಸೆ. 1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಕೌಂಟಿಯು ತನ್ನ ಗ್ರಂಥಾಲಯಗಳ ನಿರ್ವಹಣೆಯನ್ನು ಖಾಸಗಿ ಕಂಪನಿಗೆ ಒಪ್ಪಿಸಿತು. ಖರ್ಚು ಹಿಡಿತಕ್ಕೆ ಬರುವುದೆಂಬುದು ಇಂತಹ ಕ್ರಮವನ್ನು ಮೆಚ್ಚುವವರ ವಾದ. ಆದರೆ ಲಾಭವೇ ಗುರಿಯಾದಲ್ಲಿ, ಅಪರೂಪಕ್ಕೊಮ್ಮೆ ಕೇಳಿಬರುವ ಗ್ರಂಥಕ್ಕೆ ಕಪಾಟಿನಲ್ಲಿ ಸ್ಥಳ ಉಳಿದೀತೆ? ಖಾಸಗಿಯಾದುದೆಲ್ಲವೂ ಹೀಗೆಂದು ಭಾವಿಸಬಾರದು. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರು ಲಕ್ಷಾಂತರ ಪುಸ್ತಕಗಳನ್ನು ಕೂಡಿಸಿ ಎಲ್ಲರಿಗೂ ಬಾಗಿಲು ತೆರೆದರು. ಅದು ತ್ಯಾಗ, ವ್ಯಾಪಾರವಲ್ಲ.

ಎರಡನೆಯದು ಅಧಿಕಾರದ ಹಟ. ಚೆನ್ನೈಯಲ್ಲಿ 2010ರಲ್ಲಿ ಅಣ್ಣಾ ಶತಮಾನೋತ್ಸವ ಗ್ರಂಥಾಲಯ ತೆರೆಯಿತು. ಮರುವರ್ಷ ಸರ್ಕಾರ ಬದಲಾಯಿತು. ಗ್ರಂಥಾಲಯವನ್ನು ಸ್ಥಳಾಂತರಿಸಿ ಆ ಕಟ್ಟಡವನ್ನು ಮಕ್ಕಳ ಆಸ್ಪತ್ರೆಯಾಗಿಸಲು ಹೊಸ ಸರ್ಕಾರ ತೀರ್ಮಾನಿಸಿತು. ಓದುಗರು ನ್ಯಾಯಾಲಯದ ಮೊರೆ ಹೊಕ್ಕರು. ಉಚ್ಚ ನ್ಯಾಯಾಲಯವು ಆ ತೀರ್ಮಾನವನ್ನು ತಡೆಯಿತು. ಆಳುವವರಿಗೆ ಹಿಡಿಸದ ಪುಸ್ತಕವನ್ನು ಕಪಾಟಿನಿಂದ ಹೊರಗಿಡುವುದಂತೂ ಇದಕ್ಕಿಂತ ಸುಲಭ. ಅದು ಯಾರ ಕಣ್ಣಿಗೂ ಬೀಳದು.

ಓದುಗನಿಗೆ ಬೇಕಾದ ಪುಸ್ತಕವನ್ನು ಒದಗಿಸುವುದೇ ಗ್ರಂಥಾಲಯದ ಧರ್ಮವೆಂದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಸಾರಿದರು. ಓದುಗರಲ್ಲಿ ಎಲ್ಲ ಪಕ್ಷ, ಎಲ್ಲ ಮತದವರೂ ಇರುತ್ತಾರೆ. ಆದುದರಿಂದ ಪುಸ್ತಕಗಳ ಆಯ್ಕೆ ವಿದ್ವಾಂಸರ ವಿವೇಕಕ್ಕೆ ಸೇರಿದುದು. ಆ ಆಯ್ಕೆಯ ಲೆಕ್ಕ ಊರವರಿಗೆ ತಿಳಿಯುವಂತಿರಬೇಕು.

2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಇದರಿಂದ ಅವುಗಳ ಹೊಣೆ ಹಳ್ಳಿಗೆ ಹತ್ತಿರವಾಯಿತು. ಊರವರು ಹೂಳೆತ್ತದ ಕೆರೆ ಬತ್ತುತ್ತದೆ. ಊರವರು ಕಾಲಿಡದ ಗ್ರಂಥಾಲಯವೂ ಅಷ್ಟೇ. ಬಳಸುವವರಿರುವ ತನಕ ಅದನ್ನು ಮಾರುವ ಅಥವಾ ಮುಚ್ಚುವ ಧೈರ್ಯ ಯಾರಿಗೂ ಸುಲಭವಾಗಿ ಬಾರದು.

ಅಭ್ಯಾಸ

1. ಗ್ರಂಥಾಲಯವನ್ನು ಕೆರೆಗೆ ಹೋಲಿಸಿರುವುದು ಏಕೆ?
2. ಗ್ರಂಥಾಲಯ ಕರ ಎಂದರೇನು?
3. ಗ್ರಂಥಾಲಯಕ್ಕೆ ಒದಗಬಹುದಾದ ಎರಡು ಕುಂದುಗಳನ್ನು ವಿವರಿಸಿರಿ.
4. ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ, ಅಲ್ಲಿ ನೀವು ಬಯಸಿದ ಪುಸ್ತಕ ದೊರೆಯಿತೇ ಎಂಬುದನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.