ಆಟಗಾರ ಹೋಗ್ತೀನಿ ಅಂದರೆ ಕ್ಲಬ್ ಬಿಡಬೇಕೇ?



ನಮ್ಮ ಹುಣಸೂರು ಕಡೆ ಕಬಡ್ಡಿ, ಕ್ರಿಕೆಟ್ ಜಾಸ್ತಿ. ಫುಟ್‌ಬಾಲ್ ಆಟವನ್ನು ನಾನು ಮೊದಲು ನೋಡಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ. ಅಲ್ಲಿ ಟಿಬೆಟಿನ ಹುಡುಗರು ಆಡುತ್ತಿದ್ದರು. ಅಂದಿನಿಂದ ಆ ಆಟದ ಬಗ್ಗೆ ಓದುತ್ತಿದ್ದೇನೆ. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕರಾರು ಎಂದರೇನು?

ಕ್ಲಬ್‌ಗಳು ಆಟಗಾರನ ಜೊತೆ ಇಷ್ಟು ವರ್ಷ ಅಂತ ಕರಾರು ಮಾಡಿಕೊಳ್ಳುತ್ತವೆ. 2013ರಲ್ಲಿ ಆರಂಭವಾದ ನಮ್ಮ ಬೆಂಗಳೂರು ಎಫ್‌ಸಿಯಲ್ಲೂ ಹೀಗೇ. ಅವಧಿಯ ನಡುವೆ ಬೇರೆ ಕಡೆ ಹೋಗಬೇಕಾದರೆ ಹಳೇ ಕ್ಲಬ್ ಒಪ್ಪಬೇಕು. ಹೊಸ ಕ್ಲಬ್ ಸಾಮಾನ್ಯವಾಗಿ ಹಣ ಕೊಡಬೇಕು. ನಾವು ಶಾಲೆ ಬದಲಾಯಿಸಲು ಟಿ.ಸಿ. ಬೇಕಲ್ಲ, ಹಾಗೆ. ಆದರೆ ಟಿ.ಸಿ.ಗೆ ಯಾರೂ ಕೋಟಿಗಟ್ಟಲೆ ಕೇಳುವುದಿಲ್ಲ!

ಕ್ಲಬ್ ಏಕೆ ಬಿಡುವುದಿಲ್ಲ?

1. ಒಳ್ಳೆಯ ಆಟಗಾರ ಹೋದರೆ ತಂಡ ಸೊರಗುತ್ತದೆ.
2. ಅವನನ್ನು ತರಲು, ಬೆಳೆಸಲು ಖರ್ಚಾಗಿರುತ್ತದೆ.
3. ಒಬ್ಬನನ್ನು ಬಿಟ್ಟರೆ ಉಳಿದವರೂ ಹೊರಡ್ತೀವಿ ಅಂತಾರೆ.

ಇದೂ ನ್ಯಾಯವೇ. ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಆದರೆ ಹಿಂದೆ ಕರಾರು ಮುಗಿದ ಮೇಲೂ ಬಿಡುತ್ತಿರಲಿಲ್ಲ!

ಇಬ್ಬರು ಆಟಗಾರರ ಕಥೆ

ಇಂಗ್ಲೆಂಡಿನ ಜಾರ್ಜ್ ಈಸ್ಟ್‌ಹ್ಯಾಮ್ 1960ರಲ್ಲಿ ನ್ಯೂಕಾಸಲ್ ಕ್ಲಬ್ ಬಿಡಬೇಕೆಂದರು. ಕ್ಲಬ್ ಒಪ್ಪಲಿಲ್ಲ. ಅವರು ಆಟ ನಿಲ್ಲಿಸಿ ಕೆಲವು ತಿಂಗಳು ಬೇರೆ ಕೆಲಸ ಮಾಡಿದರು. ಕೊನೆಗೆ ಕ್ಲಬ್ ಅವರನ್ನು ಆರ್ಸೆನಲ್‌ಗೆ ಬಿಟ್ಟುಕೊಟ್ಟಿತು. ಹಾಗೆ ಹಿಡಿದಿಡುವ ನಿಯಮ ತಪ್ಪೆಂದು 1963ರಲ್ಲಿ ನ್ಯಾಯಾಲಯ ಹೇಳಿತು.

ಬೆಲ್ಜಿಯಂನ ಬಾಸ್ಮನ್ ಅವರ ಕರಾರು 1990ರಲ್ಲಿ ಮುಗಿಯಿತು. ಅವರಿಗೆ ಫ್ರಾನ್ಸಿನ ಕ್ಲಬ್‌ಗೆ ಹೋಗುವ ಆಸೆ. ಆದರೆ ಹಳೇ ಕ್ಲಬ್ ಹಣದ ವಿಷಯ ತೆಗೆದು ತಡೆಯಿತು. ಅವರು ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಗೆದ್ದರು. ಅಷ್ಟರಲ್ಲಿ ಅವರ ಆಡುವ ವಯಸ್ಸೇ ಕಳೆದುಹೋಗಿತ್ತು. ಅವರ ಗೆಲುವಿನ ಲಾಭ ಪಡೆದವರು ನಂತರದ ಆಟಗಾರರು.

ನಮ್ಮ ಕರ್ನಾಟಕದಲ್ಲಿ

ಕ್ರಿಕೆಟ್‌ನಲ್ಲೂ ರಾಜ್ಯ ಬದಲಾಯಿಸಲು ಎನ್‌ಒಸಿ ಎಂಬ ಪತ್ರ ಬೇಕು. 2016ರಲ್ಲಿ ಇಂಗ್ಲೆಂಡ್ ವಿರುದ್ಧ 303 ರನ್ ಹೊಡೆದ ಕರುಣ್ ನಾಯರ್ 2023ರಲ್ಲಿ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋದರು. 2025ರಲ್ಲಿ ವಿದರ್ಭ ರಣಜಿ ಗೆದ್ದಾಗ ಫೈನಲ್‌ನಲ್ಲಿ ಶತಕ ಹೊಡೆದರು. ಆಮೇಲೆ ಕರ್ನಾಟಕಕ್ಕೇ ವಾಪಸ್ ಬಂದರು. ನಗುನಗುತ್ತಾ ಕಳಿಸಿದರೆ ಹೋದವರು ಮತ್ತೆ ಬರಬಹುದು.

ನನ್ನ ಮಾತು

ಇದನ್ನು ಬರೆಯಲು ಇನ್ನೊಂದು ಕಾರಣ ಇದೆ. ನಮ್ಮ ತರಗತಿಯ ಕಬಡ್ಡಿ ತಂಡಕ್ಕೆ ನಾನೇ ನಾಯಕ. ನಮ್ಮ ತಂಡದಲ್ಲಿ ಹಿಡಿಯುವುದರಲ್ಲಿ ಜೋರಾದ ಗೆಳೆಯನೊಬ್ಬ "ನಾನು ಆ ತಂಡಕ್ಕೆ ಆಡ್ತೀನಿ ಕಣ್ಲಾ" ಅಂದ. ನಾನು ಬಿಡಲಿಲ್ಲ. ಸಿಟ್ಟಿಗೆ ಆಡಿಸಲೂ ಇಲ್ಲ. ಎರಡು ವಾರ ಅವನು ಅಂಚಿನಲ್ಲಿ ಕೂತು ನಮ್ಮ ಚಪ್ಪಲಿ ಕಾದ. ಯಾಕೆ ಹೋಗ್ತೀಯಾ ಅಂತ ನಾನು ಕೇಳಲೇ ಇಲ್ಲ.

ಬಾಸ್ಮನ್ ವಿಷಯ ಓದಿದ ದಿನ ಕೇಳಿದೆ. "ನೀನು ನನ್ನ ಒಂದ್ಸಲಾನೂ ರೈಡ್‌ಗೆ ಕಳಿಸಲಿಲ್ಲ" ಅಂದ. "ಹೋಗು" ಅಂದೆ. ಮೊದಲ ದಿನವೇ ರೈಡ್‌ಗೆ ಬಂದು ನನ್ನನ್ನೇ ಔಟ್ ಮಾಡಿದ! ನಾವು ಸೋತೆವು. ಅವನಿಗೆ ರೈಡ್ ಬರುತ್ತೆ ಅಂತ ನಾಯಕನಾದ ನನಗೇ ಗೊತ್ತಿರಲಿಲ್ಲ.

ಮಾತು ಕೊಟ್ಟವರು ಉಳಿಸಿಕೊಳ್ಳಬೇಕು. ಇಟ್ಟುಕೊಂಡವರು ಆಡಿಸಬೇಕು. ಆಡಿಸದಿದ್ದರೆ ಬಿಡಬೇಕು. ಗೆಳೆಯರೇ, ನೀವೇನಂತೀರಿ? ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

– 7ನೇ ತರಗತಿ